ಬ್ಯಾಲೆಕೋರ್: ಡಿಸೆಂಬರ್ ನೆನಪಿನ ಉಡುಗೆ

ಎದೆಯ ಮೇಲೆ ಅಡ್ಡ ಸುತ್ತಿ ಸೊಂಟದ ಬದಿಯಲ್ಲಿ ಗಂಟು ಹಾಕುವ ತೆಳು ಉಣ್ಣೆಯ ಕಾರ್ಡಿಗನ್, ಹೀಲ್ಸ್ ಇಲ್ಲದ ಚಪ್ಪಟೆ ಸ್ಯಾಟಿನ್ ಶೂ, ಕಣಕಾಲಿನ ಬಳಿ ಮುದುಡಿ ನಿಂತ ಲೆಗ್ ವಾರ್ಮರ್, ಬಿಗಿಯಾಗಿ ಕಟ್ಟಿದ ತುರುಬಿಗೊಂದು ರಿಬ್ಬನ್. ಇವುಗಳಲ್ಲಿ ಎರಡು ಮೂರನ್ನು ತೊಟ್ಟು ನೃತ್ಯಕ್ಕೆ ಸಂಬಂಧವೇ ಇಲ್ಲದ ಕಡೆಗೆ, ಕಾಲೇಜಿಗೋ ಕಚೇರಿಗೋ ಗೆಳತಿಯರ ಜೊತೆ ಕಾಫಿಗೋ ಹೋಗುವ ಶೈಲಿಗೆ ಬ್ಯಾಲೆಕೋರ್ ಎಂದು ಹೆಸರು. 2022ರ ಸುಮಾರಿಗೆ ಟಿಕ್‌ಟಾಕ್‌ನಲ್ಲಿ ಈ ಪದ ಹಬ್ಬಿತು. ಇಟಲಿಯ ಮಿಯು ಮಿಯು ಸಂಸ್ಥೆಯ ಸ್ಯಾಟಿನ್ ಬ್ಯಾಲೆ ಶೂಗಳು ಮನೆಮಾತಾದದ್ದೂ ಅದೇ ಹೊತ್ತಿಗೆ. ಪದದ ಕೊನೆಯಲ್ಲಿರುವ ‘ಕೋರ್’ ಮೂಲದಲ್ಲಿ ಹಾರ್ಡ್‌ಕೋರ್ ಎಂಬಲ್ಲಿನದು. 2014ರ ಹೊತ್ತಿಗೆ ತೀರಾ ಸಾದಾ ಉಡುಗೆಯ ಒಲವನ್ನು ಹೇಳುವ ನಾರ್ಮ್‌ಕೋರ್ ಎಂಬ ಮಾತು ಚಾಲ್ತಿಗೆ ಬಂದ ಮೇಲೆ ಅದು ಯಾವ ಉಡುಗೆಯ ಒಲವಿಗಾದರೂ ಅಂಟಿಸಬಹುದಾದ ಪ್ರತ್ಯಯವಾಯಿತು.

ಕನ್ನಡದಲ್ಲಿ ಬ್ಯಾಲೆ ಎಂದರೆ ಹಲವರಿಗೆ ಮೊದಲು ಹೊಳೆಯುವುದು ನೃತ್ಯರೂಪಕ. ಶಿವರಾಮ ಕಾರಂತರು ರಂಗಕ್ಕೆ ತಂದ ಯಕ್ಷಗಾನ ಬ್ಯಾಲೆಯ ನೆನಪು ಇಂದಿಗೂ ಇದೆ. ಇಲ್ಲಿ ಹೇಳುತ್ತಿರುವುದು ಆ ಅರ್ಥದ ಬ್ಯಾಲೆಯಲ್ಲ, ಕಾಲ್ಬೆರಳ ತುದಿಯ ಮೇಲೆ ನಿಂತು ಆಡುವ ಯುರೋಪಿನ ಶಾಸ್ತ್ರೀಯ ನೃತ್ಯ.

ಫ್ಯಾಷನ್ ಪತ್ರಿಕೆಗಳು ಬ್ಯಾಲೆಕೋರನ್ನು ಬರಿಯ ಬಟ್ಟೆಗಳ ಪಟ್ಟಿಯಾಗಿ ವಿವರಿಸಿ ಸುಮ್ಮನಾಗುತ್ತವೆ. ನನ್ನ ಮಟ್ಟಿಗೆ ಈ ಪದದ ಜೀವ ಇರುವುದು ಹಂಬಲದಲ್ಲಿ, ಅದರಲ್ಲೂ ಅಮೆರಿಕದಲ್ಲಿ ಬೆಳೆದವರ ಡಿಸೆಂಬರ್ ತಿಂಗಳ ಹಂಬಲದಲ್ಲಿ. ಅದನ್ನು ತಿಳಿಯಬೇಕಾದರೆ ‘ನಟ್‌ಕ್ರ್ಯಾಕರ್’ ಬ್ಯಾಲೆಯ ಕಥೆಯನ್ನು ತಿಳಿಯಬೇಕು.

ರಷ್ಯಾದ ಚೈಕೋವ್‌ಸ್ಕಿ ಸಂಗೀತ ಬರೆದ ಈ ಬ್ಯಾಲೆ ಮೊದಲು ರಂಗಕ್ಕೆ ಬಂದದ್ದು 1892ರ ಡಿಸೆಂಬರ್‌ನಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನ ಮಾರಿಇನ್‌ಸ್ಕಿ ರಂಗಮಂದಿರದಲ್ಲಿ. ಕ್ರಿಸ್‌ಮಸ್ ಹಿಂದಿನ ಸಂಜೆ ಒಬ್ಬ ಹುಡುಗಿಗೆ ಮರದ ಗೊಂಬೆಯೊಂದು ಉಡುಗೊರೆಯಾಗಿ ಸಿಗುತ್ತದೆ. ರಾತ್ರಿ ಅದು ಜೀವ ತಳೆದು ಇಲಿಗಳ ರಾಜನೊಡನೆ ಕಾದಾಡುತ್ತದೆ. ಹಿಮ ಸುರಿಯುವ ಕಾಡನ್ನು ದಾಟಿ ಹುಡುಗಿ ಸಿಹಿತಿನಿಸುಗಳ ನಾಡಿಗೆ ಹೋಗುತ್ತಾಳೆ. ಇಷ್ಟೇ ಕಥೆ. ಅಂದಿನ ವಿಮರ್ಶಕರಿಗೆ ಇದು ಹಿಡಿಸಲಿಲ್ಲ. ರಂಗದ ತುಂಬ ಮಕ್ಕಳೇ, ಮುಖ್ಯ ನರ್ತಕಿಯೋ ಎರಡನೆಯ ಅಂಕದವರೆಗೆ ಮುಖವನ್ನೇ ತೋರಿಸುವುದಿಲ್ಲ ಎಂಬುದು ಅವರ ದೂರುಗಳಲ್ಲಿ ಒಂದು. ಅವರು ಕುಂದು ಎಂದು ಬಗೆದ ಆ ಮಕ್ಕಳ ಗುಂಪೇ ಮುಂದೆ ಈ ಬ್ಯಾಲೆಯನ್ನು ಉಳಿಸಿತು.

ಅಮೆರಿಕದಲ್ಲಿ ಇಡೀ ಬ್ಯಾಲೆ ಮೊದಲ ಬಾರಿಗೆ ಪ್ರದರ್ಶನಗೊಂಡದ್ದು 1944ರ ಡಿಸೆಂಬರ್ 24ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಹತ್ತು ವರ್ಷದ ಬಳಿಕ, 1954ರಲ್ಲಿ, ರಷ್ಯಾದಿಂದ ವಲಸೆ ಬಂದಿದ್ದ ನೃತ್ಯಸಂಯೋಜಕ ಜಾರ್ಜ್ ಬಾಲಂಚಿನ್ ನ್ಯೂಯಾರ್ಕ್ ಸಿಟಿ ಬ್ಯಾಲೆಗಾಗಿ ತಮ್ಮದೇ ಆವೃತ್ತಿಯನ್ನು ಕಟ್ಟಿದರು. ಹುಡುಗನಾಗಿ ಮಾರಿಇನ್‌ಸ್ಕಿಯಲ್ಲಿ ತಾವೇ ಕುಣಿದಿದ್ದ ಬ್ಯಾಲೆಯನ್ನು ದೂರದ ನಾಡಿನಲ್ಲಿ ನೆನಪಿನಿಂದ ಮತ್ತೆ ಎಬ್ಬಿಸಿದ ಕೆಲಸವದು. ಅಂದರೆ ಇಂದು ಲಕ್ಷಾಂತರ ಜನ ಹಂಬಲಿಸುವ ಈ ಪ್ರದರ್ಶನದ ಬೇರಿನಲ್ಲೇ ಒಬ್ಬ ವಲಸಿಗನ ಹಂಬಲವಿದೆ. ಅವರ ರಂಗದ ಮೇಲಿನ ಕ್ರಿಸ್‌ಮಸ್ ಮರ 12 ಅಡಿಯಿಂದ 41 ಅಡಿಯವರೆಗೆ ಪ್ರೇಕ್ಷಕರ ಕಣ್ಣೆದುರೇ ಏರುತ್ತದೆ. ಆ ಕ್ಷಣದ ಸಂಗೀತವನ್ನು ಒಮ್ಮೆ ಕೇಳಬೇಕು; ಮರ ಬೆಳೆಯುತ್ತಿದೆಯೋ, ನೋಡುತ್ತಿರುವವರು ಚಿಕ್ಕವರಾಗುತ್ತಿದ್ದಾರೋ ಹೇಳುವುದು ಕಷ್ಟ.

ಮುಂದೆ ಸಣ್ಣ ಊರುಗಳ ನೃತ್ಯಶಾಲೆಗಳೂ ಪ್ರತಿ ಡಿಸೆಂಬರ್‌ನಲ್ಲಿ ಇದನ್ನು ಆಡತೊಡಗಿದವು. ಏಳೆಂಟು ವರ್ಷದ ಮಗು ಮೊದಲು ಇಲಿಯೋ ದೇವದೂತನೋ ಆಗುತ್ತದೆ, ಆಮೇಲೆ ಸಿಪಾಯಿ, ಬೆಳೆದಂತೆ ಹಿಮದ ಹರಳು. ವೇಷಗಳು ಮಾತ್ರ ಶಾಲೆಯವೇ, ವರ್ಷದಿಂದ ವರ್ಷಕ್ಕೆ ಕೈ ಬದಲಾಗುತ್ತವೆ. ಅಂಥ ಒಂದು ರವಿಕೆಯನ್ನು ಒಳಮಗ್ಗುಲಿಗೆ ತಿರುಗಿಸಿ ನೋಡಿದರೆ ಬೆನ್ನಿನ ಬಳಿ ಕೊಂಡಿ ಸಿಕ್ಕಿಸುವ ಕುಣಿಕೆಗಳು ಎರಡು ಮೂರು ಸಾಲು ಇರುತ್ತವೆ, ಬೇರೆ ಬೇರೆ ಮೈಗಳಿಗೆ ಹೊಂದಲೆಂದು. ಎಷ್ಟೋ ಕಡೆ ಒಳಗೆ ಹೊಲಿದ ಪಟ್ಟಿಯ ಮೇಲೆ ಹಿಂದೆ ತೊಟ್ಟವರ ಹೆಸರುಗಳು ಒಂದರ ಕೆಳಗೊಂದು ಇರುತ್ತವೆ. ದೊಡ್ಡವಳಾಗಿ ನೃತ್ಯ ಬಿಟ್ಟು ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಚಳಿಗಾಲದಲ್ಲಿ ಗುಲಾಬಿ ಕಾರ್ಡಿಗನ್ ಕೊಂಡರೆ ಅವಳು ಹೊಸ ಫ್ಯಾಷನ್ನಿನ ಬೆನ್ನು ಹತ್ತಿದ್ದಾಳೆ ಎಂದು ಜರೆಯಲು ನನಗೆ ಮನಸ್ಸು ಬರುವುದಿಲ್ಲ. ಆ ಹೆಸರುಗಳ ಸಾಲಿನಲ್ಲಿ ಅವಳ ಹೆಸರೂ ಎಲ್ಲೋ ಇರಬಹುದು.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬ್ಯಾಲೆಕೋರ್ ರಂಗದ ಮೇಲಿನ ವೇಷದಿಂದ ತೆಗೆದುಕೊಂಡದ್ದು ಕಡಿಮೆ, ಅಭ್ಯಾಸದ ಕೋಣೆಯಿಂದ ತೆಗೆದುಕೊಂಡದ್ದೇ ಹೆಚ್ಚು. ಲೆಗ್ ವಾರ್ಮರ್ ಇರುವುದು ಸ್ನಾಯುಗಳು ತಣ್ಣಗಾಗದಂತೆ ಕಾಯಲು. ಸುತ್ತಿ ಕಟ್ಟುವ ಕಾರ್ಡಿಗನ್ ಇರುವುದು ಮೈ ಬಿಸಿಯೇರಿದಾಗ ತಲೆಯ ಮೇಲಿಂದ ಎಳೆಯದೆ, ತುರುಬು ಕೆಡದಂತೆ ಬಿಚ್ಚಿಡಲು. ಇವು ದುಡಿಮೆಯ ಬಟ್ಟೆಗಳು.

ಚಪ್ಪಟೆ ಶೂ ಬೀದಿಗೆ ಬಂದ ದಾರಿಯೂ ಹಾಗೆಯೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಚರ್ಮದ ಶೂಗಳಿಗೆ ಪಡಿತರ ಹಾಕಿತು. ನೃತ್ಯದ ಮೆದು ಶೂಗಳಿಗೆ ಆ ಕಟ್ಟಳೆ ಇರಲಿಲ್ಲ. ವಸ್ತ್ರವಿನ್ಯಾಸಕಿ ಕ್ಲೇರ್ ಮೆಕಾರ್ಡೆಲ್ ನೃತ್ಯದ ಶೂ ಮಾಡುವ ಕಪೇಝಿಯೊ ಸಂಸ್ಥೆಯಿಂದ ಗಟ್ಟಿ ಅಟ್ಟೆಯ ಬ್ಯಾಲೆ ಶೂ ಮಾಡಿಸಿ ತಮ್ಮ ಉಡುಪುಗಳಿಗೆ ಜೊತೆಗೂಡಿಸಿದರು. ಪ್ಯಾರಿಸ್‌ನಲ್ಲಿ ರೋಸ್ ರೆಪೆಟ್ಟೊ 1947ರಲ್ಲಿ ಶೂ ಹೊಲಿಯಲು ತೊಡಗಿದ್ದು ನರ್ತಕನಾಗಿದ್ದ ಮಗ ರೋಲಾಂ ಪೆಟಿಗಾಗಿ. ಅಲ್ಲಿ ಶೂವನ್ನು ಒಳಮೈ ಹೊರಗಾಗಿ ಹೊಲಿದು ಕೊನೆಗೆ ಮಗುಚುತ್ತಾರೆ. ಅದರಿಂದ ಅಟ್ಟೆ ಪಾದದೊಂದಿಗೆ ಬಾಗುತ್ತದೆ. ಎಳೆಯ ವಯಸ್ಸಿನಲ್ಲಿ ಬ್ಯಾಲೆ ಕಲಿತಿದ್ದ ನಟಿ ಬ್ರಿಜಿತ್ ಬಾರ್ದೋ 1956ರಲ್ಲಿ ಹೊರಗೆ ತೊಡಬಹುದಾದ ಅಂಥದೇ ಶೂ ಬೇಕೆಂದು ಕೇಳಿದರು. ಹಾಗೆ ಹುಟ್ಟಿದ್ದು ‘ಸಾಂಡ್ರಿಯೋಂ’ ಎಂಬ ಮಾದರಿ, ಇಂದಿಗೂ ಮಾರಾಟದಲ್ಲಿದೆ.

ಬೆರಳ ತುದಿಯಲ್ಲಿ ನಿಲ್ಲಿಸುವ ಪಾಯಿಂಟ್ ಶೂ ಬೇರೆಯೇ ವಸ್ತು, ಬ್ಯಾಲೆಕೋರ್‌ನೊಳಗೆ ಸೇರುವುದಿಲ್ಲ. ಅದರ ಮುಂಭಾಗ ಬಟ್ಟೆಯ ಪದರಗಳನ್ನು ಅಂಟಿನಿಂದ ಕೂಡಿಸಿ ಒಣಗಿಸಿದ್ದು. ಹೊಸ ಜೋಡಿ ಕೈಗೆ ಬಂದೊಡನೆ ನರ್ತಕಿ ಅದನ್ನು ಬಾಗಿಸುತ್ತಾಳೆ, ಸದ್ದು ಕಡಿಮೆಯಾಗಲೆಂದು ಗೋಡೆಗೋ ನೆಲಕ್ಕೋ ಬಡಿಯುತ್ತಾಳೆ, ರಿಬ್ಬನ್‌ಗಳನ್ನು ತಾನೇ ಹೊಲಿಯುತ್ತಾಳೆ. ದೊಡ್ಡ ಪಾತ್ರವಾದರೆ ಒಂದೇ ಪ್ರದರ್ಶನದಲ್ಲಿ ಬೆವರಿಗೆ ಮೆದುವಾಗಿ ಅದರ ಆಯುಸ್ಸು ಮುಗಿಯಬಹುದು.

ಟ್ಯೂಲ್ ಎಂಬ ಬಲೆಯಂಥ ತೆಳು ಬಟ್ಟೆಯ ಪದರು ಲಂಗಗಳೂ ಬ್ಯಾಲೆಕೋರ್‌ನಲ್ಲಿ ಬಳಕೆಯಲ್ಲಿವೆ. 1832ರಲ್ಲಿ ಪ್ಯಾರಿಸ್‌ನಲ್ಲಿ ನರ್ತಕಿ ಮಾರೀ ತಾಲ್ಯೋನಿ ತೊಟ್ಟ ಬಿಳಿಯ ತೆಳು ಲಂಗದಿಂದ ಈ ಪರಂಪರೆ ಹೊರಟಿತು. ಅದರ ಹಗುರದ ಹಿಂದೆ ದುಃಖದ ಕಥೆಯೂ ಇದೆ. 1862ರಲ್ಲಿ ಪ್ಯಾರಿಸ್ ಆಪೆರಾದ ತಾಲೀಮಿನಲ್ಲಿ ಎಮ್ಮಾ ಲಿವ್ರಿ ಎಂಬ ಇಪ್ಪತ್ತರ ನರ್ತಕಿಯ ಲಂಗಕ್ಕೆ ಗ್ಯಾಸ್ ದೀಪದ ಬೆಂಕಿ ತಗುಲಿತು. ಬೆಂಕಿ ತಡೆಯಲು ಸಂಸ್ಕರಿಸಿದ ಬಟ್ಟೆ ಆಗಲೇ ಇತ್ತು. ಅದು ಒರಟು, ಮಾಸಲು ಎಂದು ಆಕೆ ತೊಡಲು ಒಪ್ಪಿರಲಿಲ್ಲ. ಮರುವರ್ಷ ತೀರಿಕೊಂಡಳು.

ಬಣ್ಣದ ಮಾತು ಎತ್ತದೆ ಈ ಪದದ ಪರಿಚಯ ಪೂರ್ಣವಾಗುವುದಿಲ್ಲ. ಬ್ಯಾಲೆಯ ಟೈಟ್ಸ್ (ಕಾಲಿಗೆ ಅಂಟಿ ಕೂರುವ ಉಡುಪು) ಮತ್ತು ಶೂಗಳ ಗುಲಾಬಿ ಬಿಳಿಯರ ಚರ್ಮಕ್ಕೆ ಹೊಂದಿಸಿದ ಬಣ್ಣ. ಕಾಲಿನ ಗೆರೆ ಸೊಂಟದಿಂದ ಬೆರಳ ತುದಿಯವರೆಗೆ ಕಡಿಯದೆ ಕಾಣಲಿ ಎಂಬುದು ಅದರ ಉದ್ದೇಶ. ಕಪ್ಪು ನರ್ತಕಿಯರ ಕಾಲಿನಲ್ಲಿ ಅದೇ ಗುಲಾಬಿ ಆ ಗೆರೆಯನ್ನು ಕಡಿಯುತ್ತಿತ್ತು. ನ್ಯೂಯಾರ್ಕಿನ ಕಪ್ಪು ನರ್ತಕರ ಬ್ಯಾಲೆ ತಂಡ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ 1970ರ ದಶಕದಲ್ಲಿಯೇ ನರ್ತಕಿಯರ ಮೈಬಣ್ಣದ ಟೈಟ್ಸ್ ಬಳಕೆಗೆ ತಂದಿತು, ಶೂಗಳಿಗೆ ಮಾತ್ರ ಬಣ್ಣ ಬಳಿಯಬೇಕಿತ್ತು. ಎಷ್ಟೋ ನರ್ತಕಿಯರು ಗುಲಾಬಿ ಸ್ಯಾಟಿನ್ ಮೇಲೆ ಮುಖಕ್ಕೆ ಹಚ್ಚುವ ಮೇಕಪ್ಪನ್ನೇ ಸ್ಪಂಜಿನಿಂದ ತಿಕ್ಕುತ್ತಾ ತಾಸುಗಟ್ಟಲೆ ಕೂರುತ್ತಿದ್ದರು. ಕಪ್ಪು ಮತ್ತು ಏಷ್ಯಾ ಮೂಲದ ನರ್ತಕರ ಬ್ರಿಟಿಷ್ ತಂಡ ಬ್ಯಾಲೆ ಬ್ಲ್ಯಾಕ್‌ನೊಂದಿಗೆ ಸೇರಿ ಲಂಡನ್ನಿನ ಫ್ರೀಡ್ ಸಂಸ್ಥೆ ಕಂದು ಬಣ್ಣಗಳ ಪಾಯಿಂಟ್ ಶೂ ಹೊರತಂದದ್ದು 2018ರಲ್ಲಿ. ಆದರೆ ಬೀದಿಯ ಬ್ಯಾಲೆಕೋರ್ ಎಂದರೆ ಅಂಗಡಿಗಳಲ್ಲಿ ಈಗಲೂ ಮುಂದೆ ಬರುವುದು ಆ ತೆಳು ಗುಲಾಬಿಯೇ. ನಮ್ಮ ಮೈಬಣ್ಣಕ್ಕೆ ಒಪ್ಪುವ ಕಂದು, ಕಾಫಿ, ತಾಮ್ರದ ಬಣ್ಣಗಳಲ್ಲಿ ಅದೇ ಕಾರ್ಡಿಗನ್, ಅದೇ ಶೂ ತೊಟ್ಟವರನ್ನು ಕಂಡರೆ ನನಗೆ ಅದೂ ಬ್ಯಾಲೆಕೋರೇ, ಒಂದಿಷ್ಟೂ ಕಡಿಮೆಯಲ್ಲ.