ಗುಡಾಣದೊಳಗಿನ ಸುವಾರ್ತೆಗಳು ಮತ್ತು ಇಲೇನ್ ಪೇಗೆಲ್ಸ್

1945ರ ಡಿಸೆಂಬರ್‌ನಲ್ಲಿ ಈಜಿಪ್ಟಿನ ನಾಗ್ ಹಮ್ಮಾಡಿಯ ಬಳಿ ಹೊಲಕ್ಕೆ ಗೊಬ್ಬರದ ಮಣ್ಣು ಅಗೆಯುತ್ತಿದ್ದ ರೈತರಿಗೆ ಬಾಯಿ ಮುಚ್ಚಿದ ಗುಡಾಣವೊಂದು ಸಿಕ್ಕಿತು. ಚಿನ್ನದಾಸೆಯಿಂದ ಒಡೆದರೆ ಒಳಗಿದ್ದದ್ದು ಚರ್ಮದ ಹೊದಿಕೆಯ ಪಪೈರಸ್ ಹೊತ್ತಗೆಗಳು. ಕೆಲವು ಹಾಳೆಗಳನ್ನು ತನ್ನ ತಾಯಿ ಒಲೆಗೆ ಹಾಕಿದಳೆಂದು ರೈತನೊಬ್ಬ ಮುಂದೆ ಹೇಳಿದ; ಈ ಕಥೆಯ ವಿವರಗಳನ್ನು ಇಂದಿನ ವಿದ್ವಾಂಸರೆಲ್ಲರೂ ಒಪ್ಪುವುದಿಲ್ಲ. ಉಳಿದು ಬಂದದ್ದು ಈಜಿಪ್ಟಿನ ಹಳೆಯ ಭಾಷೆಯಾದ ಕಾಪ್ಟಿಕ್‌ನ 52 ಬರಹಗಳು. ಮಲಬಾರಿಗೆ ಬಂದನೆಂದು ಕೇರಳದ ಸಿರಿಯನ್ ಕ್ರೈಸ್ತರು ನಂಬುವ ಯೇಸುವಿನ ಶಿಷ್ಯ ತೋಮನ ಹೆಸರಿನಲ್ಲಿ ಯೇಸುವಿನ 114 ನುಡಿಗಳನ್ನು ಹೇಳುವ ಸುವಾರ್ತೆಯೂ ಅವುಗಳಲ್ಲಿತ್ತು.

ಇವುಗಳಲ್ಲಿ ಹೆಚ್ಚಿನವು ಚರ್ಚು ಪಾಷಂಡವೆಂದು ತಳ್ಳಿಹಾಕಿದ ಆದಿ ಕ್ರೈಸ್ತ ಪಂಥಗಳ ಬರಹಗಳು. ಅಲ್ಲಿಯವರೆಗೆ ಇಂಥ ಪಂಥಗಳ ಪರಿಚಯ ಬಹುಮಟ್ಟಿಗೆ ಅವುಗಳ ವಿರೋಧಿಗಳ ಬಾಯಿಂದಲೇ ಆಗಿತ್ತು. ಸುಮಾರು ಕ್ರಿ.ಶ. 180ರಲ್ಲಿ ಇಂದಿನ ಫ್ರಾನ್ಸಿನ ಲಿಯೋನ್‌ನ ಬಿಷಪ್ ಐರೇನಿಯಸ್ ಅವುಗಳನ್ನು ಖಂಡಿಸಿ ಐದು ಸಂಪುಟ ಬರೆದಿದ್ದ. ಹಲವು ಪ್ರದೇಶಗಳಲ್ಲಿ ಮುಂದೆ ಪಾಷಂಡವೆನಿಸಿಕೊಂಡದ್ದೇ ಕ್ರೈಸ್ತಧರ್ಮದ ಮೊದಲ ರೂಪವಾಗಿತ್ತೆಂದು ಜರ್ಮನಿಯ ವಾಲ್ಟರ್ ಬಾವರ್ 1934ರಲ್ಲಿ ವಾದಿಸಿದಾಗ ಅವರ ಕೈಯಲ್ಲಿ ಈ ಹೊತ್ತಗೆಗಳು ಇರಲಿಲ್ಲ.

ಆ ವಾದವನ್ನು ಸಾಮಾನ್ಯ ಓದುಗರ ಮನೆಬಾಗಿಲಿಗೆ ತಂದವರು 1943ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಇಲೇನ್ ಪೇಗೆಲ್ಸ್. ಧರ್ಮದಲ್ಲಿ ಆಸಕ್ತಿಯಿಲ್ಲದ ಜೀವವಿಜ್ಞಾನಿಯ ಮಗಳಾದ ಅವರು ಹದಿಹರೆಯದಲ್ಲಿ ಇವ್ಯಾಂಜೆಲಿಕಲ್ ಸಭೆಯೊಂದನ್ನು ಸೇರಿದ್ದರು. ಯೆಹೂದಿ ಗೆಳೆಯನೊಬ್ಬ ಕಾರು ಅಪಘಾತದಲ್ಲಿ ತೀರಿಕೊಂಡಾಗ, ಅವನು ಯೇಸುವನ್ನು ನಂಬಿ 'ಮರುಹುಟ್ಟು' ಪಡೆದವನಲ್ಲ, ಆದ್ದರಿಂದ ನರಕಕ್ಕೇ ಹೋದನೆಂದು ಸಭೆಯವರು ಹೇಳಿದರು. ಪೇಗೆಲ್ಸ್ ಅಲ್ಲಿಂದ ಎದ್ದು ಬಂದರು. ಮುಂದೆ ಹಾರ್ವರ್ಡ್‌ನಲ್ಲಿ, ಹೆಸರನ್ನೇ ಕೇಳಿರದ ಸುವಾರ್ತೆಗಳ ಪ್ರತಿಗಳು ಪ್ರಾಧ್ಯಾಪಕರ ಕಪಾಟುಗಳಲ್ಲಿ ತುಂಬಿರುವುದನ್ನು ಕಂಡ ಅವರು, ಅಲ್ಲೇ 1970ರಲ್ಲಿ ಡಾಕ್ಟರೇಟ್ ಪಡೆದರು.

1979ರಲ್ಲಿ ಬಂದು ಅಮೆರಿಕದ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ಪಡೆದ ಅವರ 'ದ ನಾಸ್ಟಿಕ್ ಗಾಸ್ಪೆಲ್ಸ್' ಕೃತಿಯ ತಿರುಳು ಸಿದ್ಧಾಂತಕ್ಕೂ ಅಧಿಕಾರಕ್ಕೂ ಇರುವ ನಂಟು. ಯೇಸು ಸಶರೀರನಾಗಿ ಎದ್ದುಬಂದು ಕೆಲವರಿಗಷ್ಟೇ ಕಾಣಿಸಿಕೊಂಡನೆಂದರೆ, ಸಾಕ್ಷಿ ಹೇಳುವ ಹಕ್ಕು ಅವನ ನೇರ ಶಿಷ್ಯರಾದ ಆ ಅಪೊಸ್ತಲರಿಗೂ ಅವರ ಉತ್ತರಾಧಿಕಾರಿಗಳಾದ ಬಿಷಪ್‌ಗಳಿಗೂ ಮೀಸಲಾಗುತ್ತದೆ. ಅವನು ಇಂದಿಗೂ ಯಾರ ಅಂತರಂಗಕ್ಕಾದರೂ ಗೋಚರಿಸಬಲ್ಲನೆಂದರೆ ಆ ಹಕ್ಕಿಗೆ ಬೇಲಿ ಉಳಿಯುವುದಿಲ್ಲ. ನಂಬಿಕೆಯನ್ನು ರಾಜಕೀಯಕ್ಕೆ ಇಳಿಸಿದರೆಂಬ ಆಕ್ಷೇಪ ಬಂತು, ಅದರಲ್ಲಿ ತೂಕವೂ ಇದೆ. ಇಷ್ಟು ಬಗೆಬಗೆಯ ಪಂಥಗಳನ್ನು 'ನಾಸ್ಟಿಕ್' (ಒಳಗಿನ ಅರಿವಿನಿಂದ ಮುಕ್ತಿ ಎಂದು ನಂಬಿದವರು) ಎಂಬ ಒಂದೇ ಹೆಸರಿನಡಿ ಕಟ್ಟಬಾರದೆಂಬ ವಿದ್ವಾಂಸರ ಮಾತನ್ನು ಮುಂದೆ ಪೇಗೆಲ್ಸ್ ಅವರೇ ಒಪ್ಪಿಕೊಂಡರು. ಆದರೂ ಯಾವ ಗ್ರಂಥ ಉಳಿಯಬೇಕೆಂಬುದನ್ನು ತೀರ್ಮಾನಿಸಿದವರು ಯಾರು ಎಂಬ ಅವರ ಪ್ರಶ್ನೆ, ನನ್ನ ಮಟ್ಟಿಗೆ, ಇಂದಿಗೂ ಹಳತಾಗಿಲ್ಲ.

1982ರಲ್ಲಿ ಅವರು ಪ್ರಿನ್ಸ್‌ಟನ್ ಸೇರಿದರು. 1987ರಲ್ಲಿ ಶ್ವಾಸಕೋಶದ ಕಾಯಿಲೆಯಿಂದ ಆರು ವರ್ಷದ ಮಗ ಮಾರ್ಕ್ ತೀರಿಕೊಂಡ. ಮರುವರ್ಷವೇ ಭೌತವಿಜ್ಞಾನಿ ಪತಿ ಹೈನ್ಜ್ ಕೊಲರಾಡೋದ ಪರ್ವತದಲ್ಲಿ ಜಾರಿಬಿದ್ದು ಮಡಿದರು. ಆ ದುಃಖದ ನಡುವೆಯೇ ಅವರು ಸೈತಾನನ ಕಲ್ಪನೆಯ ಬೆನ್ನುಹತ್ತಿದರು. ಯೆಹೂದ್ಯರ ಹೀಬ್ರೂ ಧರ್ಮಗ್ರಂಥದಲ್ಲಿ ದೇವರ ಪರಿಚಾರಕನಾಗಿ ಮನುಷ್ಯರನ್ನು ಪರೀಕ್ಷಿಸುತ್ತಿದ್ದ ಸೈತಾನ ಕ್ರೈಸ್ತರ ಕೈಯಲ್ಲಿ ಎದುರಾಳಿಗಳಿಗೆ ಅಂಟಿಸುವ ಹಣೆಪಟ್ಟಿಯಾದನೆಂದು ಅವರು 1995ರ ಕೃತಿಯಲ್ಲಿ ತೋರಿಸಿದರು. ರೋಮಿನ ಆಳರಸರಿಗೂ ಪಾಷಂಡರೆನಿಸಿಕೊಂಡ ಕ್ರೈಸ್ತರಿಗೂ ಅದು ಅಂಟಿತು. ಅವರೆಲ್ಲರಿಗಿಂತ ಮೊದಲು ಅದನ್ನು ಹೊತ್ತವರು, ಆ ಗೆಳೆಯನ ಕುಲದವರಾದ ಯೆಹೂದ್ಯರು.