ಗ್ಯಾಸ್ ಲಾಕ್: ತಿರುಗಿದರೂ ಎತ್ತದ ಪಂಪು

ಏಪ್ರಿಲ್ ಬಂತೆಂದರೆ ಉಡುಪಿ ಕಡೆಯ ತೋಟದ ಬಾವಿಗಳಲ್ಲಿ ನೀರು ಫುಟ್‌ವಾಲ್ವಿನ ಹತ್ತಿರಕ್ಕೆ ಇಳಿಯುತ್ತದೆ. ಸ್ವಿಚ್ ಹಾಕಿದರೆ ಮೋಟಾರು ಓಡುತ್ತದೆ, ಪೈಪಿನಲ್ಲಿ ನೀರಿಲ್ಲ. ನಮ್ಮ ಪಂಪು ಹೀಗೆ ಮಾಡಿದಾಗ ರಿಪೇರಿಗೆ ಬಂದವರು ಸದ್ದು ಕೇಳಿಯೇ ಹೇಳಿದರು, "ಗಾಳಿ ಹಿಡಿದಿದೆ ಮಾರಾಯ್ರೆ, ನೀರು ಹೊಯ್ಯಿರಿ." ತೈಲ ಬಾವಿಯ ಪಂಪಿಗೂ ಇದೇ ಕಾಯಿಲೆ ಬರುತ್ತದೆ. ಅಲ್ಲಿ ಅದರ ಹೆಸರು ಗ್ಯಾಸ್ ಲಾಕ್.

ಹೆಸರಲ್ಲಿ ಬೀಗ ಇದೆ, ಆದರೆ ಒಳಗೆ ಏನೂ ಅಡ್ಡ ಸಿಕ್ಕಿಕೊಂಡಿರುವುದಿಲ್ಲ. ಸೆಂಟ್ರಿಫ್ಯೂಗಲ್ ಪಂಪು ತನ್ನೊಳಗೆ ಬಂದದ್ದನ್ನು ಗಿರಗಿರನೆ ಸುತ್ತಿಸಿ ಹೊರಕ್ಕೆ ಎಸೆಯುತ್ತದೆ. ಬಂದದ್ದು ಭಾರವಾಗಿದ್ದರೆ ಒತ್ತಡ ಹುಟ್ಟುತ್ತದೆ. ಗಾಳಿ ನೀರಿಗಿಂತ ಸುಮಾರು 800 ಪಟ್ಟು ಹಗುರ. 20 ಮೀಟರ್ ನೀರೆತ್ತುವ ಪಂಪಿನಲ್ಲಿ ಬರೀ ಗಾಳಿ ತುಂಬಿದರೆ, ಹುಟ್ಟುವ ಒತ್ತಡ ಒಂದು ಇಂಚು ನೀರೆತ್ತಲು ಸಾಕು, ಅಷ್ಟೇ.

ನಮ್ಮಲ್ಲಿ ತೈಲ ಬಾವಿ ಇಲ್ಲ. ಪಣಂಬೂರಿನ ಬಂದರಿಗೆ ಹಡಗಿನಲ್ಲಿ ಬರುವ ಕಚ್ಚಾ ತೈಲದಿಂದ ಬಹುಪಾಲು ಗ್ಯಾಸನ್ನು ಹೊರಡುವ ಮೊದಲೇ ಬೇರೆ ಮಾಡಿರುತ್ತಾರೆ. ನೆಲದಾಳದಲ್ಲಿ ಹಾಗಲ್ಲ. ಅಲ್ಲಿನ ಒತ್ತಡಕ್ಕೆ ಗ್ಯಾಸು ತೈಲದಲ್ಲಿ ಕರಗಿಕೊಂಡಿರುತ್ತದೆ. ಒತ್ತಡ ಒಂದು ಮಟ್ಟಕ್ಕಿಂತ ಇಳಿದರೆ, ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ಗುಳ್ಳೆ ಏಳುತ್ತದೆ. ಆ ಮಟ್ಟವೇ ಬಬಲ್ ಪಾಯಿಂಟ್. ಬಾವಿಗೆ ಇಳಿಬಿಟ್ಟ ಸಬ್‌ಮರ್ಸಿಬಲ್ ಪಂಪಿನ ಬಾಯಿಗೆ ಹೀಗೆ ಗುಳ್ಳೆ ಬೆರೆತ ತೈಲ ಬರುತ್ತದೆ. (ತೈಲಕ್ಕೆ ಈ ಪಂಪನ್ನು 1920ರ ದಶಕದಲ್ಲಿ ಅಮೆರಿಕದಲ್ಲಿ ಇಳಿಸಿ ತೋರಿಸಿದವರು ಅರ್ಮೈಸ್ ಅರುಟುನೋಫ್.)

ಪಂಪಿನೊಳಗೆ ಇಂಪೆಲ್ಲರುಗಳು, ಅಂದರೆ ತೈಲವನ್ನು ಸುತ್ತಿಸಿ ಎಸೆಯುವ ರೆಕ್ಕೆಚಕ್ರಗಳು, ಒಂದರ ಮೇಲೊಂದು ಹತ್ತಾರು, ಕೆಲವೊಮ್ಮೆ ನೂರಾರು ಇರುತ್ತವೆ. ಪ್ರತಿ ಚಕ್ರದ ನಡುಭಾಗದಲ್ಲಿ ಒತ್ತಡ ಕಡಿಮೆ, ಅಂಚಿನಲ್ಲಿ ಜಾಸ್ತಿ. ಹಾಗಾಗಿ ಒತ್ತಡ ಗುಳ್ಳೆಯನ್ನು ನಡುವಿಗೆ ನೂಕುತ್ತದೆ, ಹರಿಯುವ ತೈಲ ಅದನ್ನು ಅಂಚಿನ ಕಡೆಗೆ ಎಳೆಯುತ್ತದೆ. ಗುಳ್ಳೆ ಚಿಕ್ಕದಾದರೆ ತೈಲ ಗೆಲ್ಲುತ್ತದೆ. ಅಡ್ಡಳತೆ ಎರಡು ಪಟ್ಟಾದರೆ ನೂಕುವ ಬಲ ಎಂಟು ಪಟ್ಟಾಗುತ್ತದೆ, ಎಳೆಯುವ ಬಲ ಸುಮಾರು ನಾಲ್ಕೇ ಪಟ್ಟು. ದೊಡ್ಡ ಗುಳ್ಳೆ ಹಿಂದೆ ಉಳಿಯುತ್ತದೆ, ಬಂದ ಗುಳ್ಳೆಗಳೆಲ್ಲ ಅದಕ್ಕೆ ಸೇರಿಕೊಳ್ಳುತ್ತವೆ. ಮೊದಲು ಪಂಪಿನ ಒತ್ತಡ ಏರಿಳಿಯುತ್ತದೆ, ಇದು ಸರ್ಜಿಂಗ್. ಆಮೇಲೆ ಹರಿವು ನಿಂತೇ ಹೋಗುತ್ತದೆ. ಮೋಟಾರನ್ನು ತಂಪಾಗಿಡುವುದು ಪಕ್ಕದಲ್ಲಿ ಹರಿಯುವ ತೈಲವೇ ಆದ್ದರಿಂದ ಮೋಟಾರೂ ಕಾಯತೊಡಗುತ್ತದೆ.

ಇದನ್ನು ಮೊದಲೇ ಲೆಕ್ಕ ಹಾಕುವುದಕ್ಕೆ ಮಾಡೆಲಿಂಗ್, ಅಂದರೆ ಪಂಪಿನೊಳಗಿನ ಹರಿವನ್ನು ಗಣಿತದಲ್ಲಿ ಬರೆಯುವುದು, ಬೇಕು. ಸುಲಭದ ದಾರಿ, ಗ್ಯಾಸು ಮತ್ತು ತೈಲವನ್ನು ಒಂದೇ ವೇಗದಲ್ಲಿ ಹೋಗುವ ಒಂದು ತೆಳು ದ್ರವ ಅಂದುಕೊಳ್ಳುವುದು, ನೀರು ಮಜ್ಜಿಗೆಯ ಹಾಗೆ. ಗ್ಯಾಸು ಕಡಿಮೆ ಇದ್ದಾಗ ಇದು ನಡೆಯುತ್ತದೆ. ಜಾಸ್ತಿಯಾದರೆ ಎರಡಕ್ಕೂ ಬೇರೆ ಬೇರೆ ವೇಗ ಕೊಟ್ಟು, ಒಂದು ಇನ್ನೊಂದನ್ನು ಎಷ್ಟು ಎಳೆಯುತ್ತದೆ ಎಂದು ಬರೆಯಬೇಕು. ಆಗ ಬೇಕಾಗುವುದು ಗುಳ್ಳೆಯ ಅಳತೆ. ನನ್ನ ಕೇಳಿದರೆ ಎಲ್ಲ ಕಷ್ಟವೂ ಇಲ್ಲೇ. ವೇಗ ಹೆಚ್ಚಿದರೆ ಗುಳ್ಳೆ ಒಡೆಯುತ್ತದೆ, ಒತ್ತೊತ್ತಾಗಿ ಬಂದರೆ ಕೂಡಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಪಾರದರ್ಶಕ ಪಂಪು ಕಟ್ಟಿ ಹೈಸ್ಪೀಡ್ ಕ್ಯಾಮೆರಾದಲ್ಲಿ ನೋಡುತ್ತಾರೆ, ಆದರೆ ಹೆಚ್ಚಾಗಿ ನೀರು ಮತ್ತು ಗಾಳಿಯಲ್ಲಿ. ಜಿಗುಟು ತೈಲದಲ್ಲಿ ಗುಳ್ಳೆ ಅದೇ ಥರ ನಡೆದುಕೊಳ್ಳಬೇಕೆಂದೇನೂ ಇಲ್ಲವಲ್ಲ?

ಬಾವಿಯಾಳದ ಪಂಪಿಗೆ ಕೊಡದಲ್ಲಿ ನೀರು ಹೊಯ್ಯಲಾಗುವುದಿಲ್ಲ. ಕೆಳಗೆ ಗ್ಯಾಸನ್ನು ಬೇರೆ ಮಾಡುವ ಗ್ಯಾಸ್ ಸೆಪರೇಟರ್ ಜೋಡಿಸುತ್ತಾರೆ. ಆದರೂ ಲಾಕ್ ಆದರೆ ಮೋಟಾರು ನಿಲ್ಲಿಸಿ, ಮೇಲಿನ ಪೈಪಿನ ತೈಲ ಕೆಳಗಿಳಿದು ಪಂಪನ್ನು ತುಂಬಲು ಬಿಡುವುದುಂಟು. ಇಳಿಯುವ ತೈಲಕ್ಕೆ ಪಂಪು ಉಲ್ಟಾ ತಿರುಗುತ್ತದೆ. ಅದು ನಿಲ್ಲುವ ಮೊದಲೇ ಸ್ವಿಚ್ ಹಾಕಿದರೆ ಶಾಫ್ಟ್ ಮುರಿಯಬಹುದು.