ಒಡಕು ದನಿ, ನರೆತ ಗಡ್ಡ: ಜಗಪತಿ ಬಾಬು ಬದಲಾದ ಬಗೆ

'ರಾಬರ್ಟ್' ನೋಡಿ ಜಗಪತಿ ಬಾಬು ಅವರನ್ನು ಖಳನಟ ಎಂದೇ ಗುರುತಿಸುವ ಕನ್ನಡಿಗರಿಗೆ, ಅವರು ಒಂದು ಕಾಲದಲ್ಲಿ ಆಂಧ್ರದ ಹೆಣ್ಣುಮಕ್ಕಳ ಮೆಚ್ಚಿನ ನಾಯಕರಾಗಿದ್ದರು ಎಂದರೆ ನಂಬುವುದು ಕಷ್ಟ. ಅವರ ವೃತ್ತಿ ಎರಡು ಸಲ ದಿಕ್ಕು ಬದಲಿಸಿತು. ಎರಡು ಸಲವೂ ಕೈಹಿಡಿದದ್ದು, ನಾಯಕನಟನಿಗೆ ಕುಂದು ಎನಿಸಿಕೊಂಡಿದ್ದ ಸಂಗತಿಯೇ.

ಜಗಪತಿ ಬಾಬು ಹುಟ್ಟಿದ್ದು 1962ರಲ್ಲಿ, ಮಚಿಲೀಪಟ್ಟಣದಲ್ಲಿ. ತಂದೆ ವಿ.ಬಿ. ರಾಜೇಂದ್ರ ಪ್ರಸಾದ್. ಅಕ್ಕಿನೇನಿ ನಾಗೇಶ್ವರ ರಾವ್ ನಾಯಕರಾಗಿದ್ದ ಹಲವು ಚಿತ್ರಗಳನ್ನು ತಮ್ಮ ಜಗಪತಿ ಬ್ಯಾನರಿನಲ್ಲಿ ನಿರ್ಮಿಸಿದವರು. 1971ರ 'ದಸರಾ ಬುಲ್ಲೋಡು' ಅವರು ತಾವೇ ನಿರ್ದೇಶಿಸಿ ಗೆದ್ದ ಚಿತ್ರ. ಮಗನ ಮೊದಲ ಚಿತ್ರ 'ಸಿಂಹಸ್ವಪ್ನಂ' (1989) ಬಂದದ್ದೂ ಮನೆಯ ಬ್ಯಾನರಿನಿಂದಲೇ.

ತೊಡಕಿದ್ದದ್ದು ದನಿಯಲ್ಲಿ. ಸ್ವಲ್ಪ ಒಡೆದ, ಗೊಗ್ಗರು ದನಿ ನಾಯಕನಿಗೆ ಹೊಂದದು ಎಂದು ಮೊದಲ ಚಿತ್ರಗಳಲ್ಲಿ ಬೇರೆಯವರಿಂದ ಡಬ್ಬಿಂಗ್ ಮಾಡಿಸಿದರು. ಆಗಿನ ಡಬ್ಬಿಂಗಿನಲ್ಲಿ ದೃಶ್ಯವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಪರದೆಯ ಮೇಲೆ ಮತ್ತೆ ಮತ್ತೆ ಓಡಿಸುತ್ತಿದ್ದರು. ಕಂಠದಾನ ಕಲಾವಿದರು ತುಟಿಚಲನೆಗೆ ಮಾತು ಕೂಡಿಸುತ್ತಿದ್ದರು. ತುಟಿ ಕೂಡಿದರೂ ಉಸಿರು ಕೂಡುವುದಿಲ್ಲ. ಮಾತಿನ ನಡುವೆ ನಟ ತಡೆದ ಕ್ಷಣ, ನುಂಗಿದ ಅಕ್ಷರ, ಎಲ್ಲವೂ ನಯವಾಗಿ ಅಳಿಸಿಹೋಗುತ್ತವೆ. ರಾಮ್ ಗೋಪಾಲ್ ವರ್ಮಾ 1993ರ 'ಗಾಯಂ'ನಲ್ಲಿ ಅವರ ಸ್ವಂತ ದನಿಯನ್ನೇ ಉಳಿಸಿಕೊಂಡರು. ಭೂಗತ ಲೋಕಕ್ಕೆ ಬಿದ್ದ ದುರ್ಗನ ಪಾತ್ರಕ್ಕೆ ಆ ಗೊಗ್ಗರು ಬೇಕೇ ಬೇಕಿತ್ತು. ಅಭಿನಯಕ್ಕೆ ಆಂಧ್ರ ಸರ್ಕಾರದ ನಂದಿ ವಿಶೇಷ ಪ್ರಶಸ್ತಿಯೂ ಬಂತು.

ಮರುವರ್ಷವೇ ಎಸ್.ವಿ. ಕೃಷ್ಣಾರೆಡ್ಡಿ ನಿರ್ದೇಶನದ 'ಶುಭಲಗ್ನಂ'. ಹಣದಾಸೆಗೆ ಹೆಂಡತಿ ಒಂದು ಕೋಟಿ ರೂಪಾಯಿಗೆ ಗಂಡನನ್ನೇ ಬಿಟ್ಟುಕೊಡುವ ಕಥೆ. ಮಾರಾಟವಾದ ಗಂಡನಾಗಿ ಅವರು ಅಬ್ಬರಿಸಲಿಲ್ಲ, ಸೋತ ಮನುಷ್ಯನ ಹಾಗೆ ನಿಂತರು. ಅಲ್ಲಿಂದ 'ಮಾವಿಚಿಗುರು' (1996), 'ಮನೋಹರಂ' (2000) ತನಕ ಸಂಸಾರದ ಕಥೆ ಎಂದರೆ ಜಗಪತಿ ಬಾಬು ಎಂಬಂತಾಯಿತು. ಈ ಎರಡೂ ಶ್ರೇಷ್ಠ ನಟ ನಂದಿ ತಂದವು. ನಡುವೆ ಕೃಷ್ಣವಂಶಿಯ 'ಅಂತಃಪುರಂ'ನಲ್ಲಿ (1998) ಕಡಿಮೆ ಹೊತ್ತು ಕಾಣಿಸಿಕೊಂಡೂ ಪೋಷಕ ನಟ ಪ್ರಶಸ್ತಿ ಪಡೆದರು. ನನ್ನ ಮಟ್ಟಿಗೆ ಮುಂದಿನದಕ್ಕೆಲ್ಲ ಬೀಜ ಬಿದ್ದದ್ದು ಇಲ್ಲೇ: ಕಥೆಯನ್ನು ಇಡಿಯಾಗಿ ಹೊರಬೇಕಾದ ಭಾರವಿಲ್ಲದಾಗ ಅವರ ಆಟವೇ ಬೇರೆ.

2000ದ ನಂತರ ಆ ಬಗೆಯ ಚಿತ್ರಗಳೇ ತಗ್ಗಿದವು. ಮನೆಮಂದಿಯ ಕಣ್ಣೀರು ಕಿರುತೆರೆಗೆ ಹೋಯಿತು, ಚಿತ್ರಮಂದಿರ ಯುವಕರ ಮಾಸ್ ಚಿತ್ರಗಳ ಪಾಲಾಯಿತು. 'ಅನುಕೋಕುಂಡಾ ಒಕ ರೋಜು' (2005), 'ಲಕ್ಷ್ಯಂ' (2007) ಚಿತ್ರಗಳಲ್ಲಿ ಪೊಲೀಸ್ ಪಾತ್ರಗಳು ಸಿಕ್ಕವಾದರೂ ನಾಯಕನ ಮಾರುಕಟ್ಟೆ ಕುಸಿಯುತ್ತಲೇ ಇತ್ತು.

ಎರಡನೆಯ ತಿರುವು 2014ರ 'ಲೆಜೆಂಡ್'. ನಿರ್ದೇಶಕ ಬೋಯಪಾಟಿ ಶ್ರೀನು, ಜಗಪತಿ ಬಾಬು ಅವರನ್ನು ನಾಯಕ ಬಾಲಕೃಷ್ಣ ಎದುರು ಖಳನಾಗಿ ನಿಲ್ಲಿಸಿದರು. ಬಣ್ಣ ಹಚ್ಚಿ ಮುಚ್ಚಬೇಕಿದ್ದ ನರೆಯನ್ನು ಹಾಗೆಯೇ ಬಿಟ್ಟರು. ಅದು ಸರಿಹೋದದ್ದಕ್ಕೆ ಕಾರಣ ಸರಳ: ತೆಲುಗಿನ ದೊಡ್ಡ ನಾಯಕನಿಗೆ ಎದುರಾಳಿಯೂ ತೂಕದವನಿರಬೇಕು, ಮತ್ತು ಹೊರಗಿನಿಂದ ಬಂದ ಖಳನಟರಿಗೆ ಇರದ ಒಂದು ಅನುಕೂಲ ಇವರಿಗಿತ್ತು, ಸ್ವಂತ ತೆಲುಗು ದನಿ. 'ಅರವಿಂದ ಸಮೇತ'ದಲ್ಲಿ (2018) ಕುತ್ತಿಗೆಗೆ ಇರಿತ ಬಿದ್ದೂ ಬದುಕುವ ಬಸಿ ರೆಡ್ಡಿಯನ್ನು ನೋಡಿದರೆ ಆ ದನಿಯ ಬೆಲೆ ತಿಳಿಯುತ್ತದೆ. ಅದೇ ವರ್ಷದ 'ರಂಗಸ್ಥಲಂ'ನ ಊರ ಪ್ರೆಸಿಡೆಂಟ್ ಇನ್ನೂ ಭಯಂಕರ, ಏಕೆಂದರೆ ಆತ ಕೂಗುವುದೇ ಅಪರೂಪ.

ಖಳನಿಗೆ ಕಾಲ್‌ಶೀಟ್, ಅಂದರೆ ಚಿತ್ರೀಕರಣಕ್ಕೆ ಕೊಡಬೇಕಾದ ದಿನಗಳು, ಕಡಿಮೆ. ಅವನ ಭಾಗವನ್ನು ಒಟ್ಟಿಗೆ ಚಿತ್ರೀಕರಿಸಿ ಮುಗಿಸಬಹುದು. ಹೀಗಾಗಿ ಮಲಯಾಳಂನ 'ಪುಲಿಮುರುಗನ್', ಕನ್ನಡದ 'ಜಾಗ್ವಾರ್' ಎರಡೂ 2016ರಲ್ಲೇ ಬಂದವು. ಇದರ ಕೆಡುಕೂ ಉಂಟು. ಸೂಟು, ನರೆತ ಗಡ್ಡ, ಕೈಯಲ್ಲಿ ಫೋನು ಕೊಟ್ಟರೆ ಪಾತ್ರವಾಯಿತು ಎಂದುಕೊಂಡ ಚಿತ್ರಗಳಲ್ಲಿ ಅವರು ಬರೀ ಆಕೃತಿಯಾಗಿ ಉಳಿದಿದ್ದಾರೆ. 'ಲೆಜೆಂಡ್'ಗೂ ಒಂದು ವರ್ಷ ಮೊದಲೇ, 2013ರಲ್ಲಿ, ಸುದೀಪ್ ಅವರ 'ಬಚ್ಚನ್' ಚಿತ್ರ ಜಗಪತಿ ಬಾಬು ಅವರನ್ನು ಕನ್ನಡಕ್ಕೆ ಕರೆತಂದಿತ್ತು. ಹತ್ತು ವರ್ಷಗಳ ಬಳಿಕ ಪ್ರಶಾಂತ್ ನೀಲ್ 'ಸಲಾರ್'ನಲ್ಲಿ ರಾಜಮನ್ನಾರ್ ಎಂಬ ದೊರೆಯ ಪಾತ್ರಕ್ಕೆ ಅವರನ್ನೇ ಆರಿಸಿಕೊಂಡರು.